ಟೇಪ್ ಮುಗಿಯಿತು ಎನ್ನುತ್ತಿದ್ದ ನಮ್ಮ ಮಾವ

ಮೊನ್ನೆ ಮಂಗಳವಾರ ನಮ್ಮ ಬೀದಿಯ ಕೊನೆಯ ಮನೆಯ ಹುಡುಗ ಬೈಕಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದಾಗ ಲಾರಿ ತಗುಲಿ ತೀರಿಕೊಂಡ. ವಯಸ್ಸು ಇಪ್ಪತ್ತೆರಡೂ ತುಂಬಿರಲಿಲ್ಲ. ಆಸ್ಪತ್ರೆಯಿಂದ ದೇಹ ಇನ್ನೂ ಬಂದಿರಲಿಲ್ಲ, ಮನೆಯ ಮುಂದೆ ಶಾಮಿಯಾನದ ಕಂಬ ನಿಲ್ಲಿಸುತ್ತಿದ್ದರು, ಅಷ್ಟರಲ್ಲಿ ಸುದ್ದಿವಾಹಿನಿಯೊಂದರ ಗಾಡಿ ಬಂದು ನಿಂತಿತು. ಮೈಕ್ ಹಿಡಿದವನು ಚಪ್ಪಲಿಯನ್ನೂ ಬಿಡದೆ ಒಳಗೆ ಹೋಗಿ, ಗೋಡೆಗೆ ಒರಗಿ ಕುಳಿತಿದ್ದ ತಾಯಿಯ ಬಾಯಿಯ ಹತ್ತಿರ ಅದನ್ನು ಹಿಡಿದು, "ಅಮ್ಮಾ, ಮಗ ಕೊನೆಯದಾಗಿ ಏನು ಹೇಳಿ ಹೋದ?" ಎಂದು ಕೇಳಿದ. ಆಕೆ ಮಾತಾಡಲಿಲ್ಲ. "ಈಗ ನಿಮಗೆ ಏನನ್ನಿಸ್ತಿದೆ ಅಮ್ಮಾ?" ಎಂದ. ಇದನ್ನು ನಾವೆಲ್ಲರೂ ಟಿ.ವಿ.ಯಲ್ಲಿ ಸಾವಿರ ಸಲ ನೋಡಿದ್ದೇವೆ. ಆದರೆ ಟಿ.ವಿ.ಯಲ್ಲಿ ಕಾಣಿಸದ ಒಂದು ಸಂಗತಿಯನ್ನು ಅಂದು ಬಾಗಿಲಲ್ಲಿ ನಿಂತು ನೋಡಿದೆ. ತಾಯಿಯ ಹೆಗಲನ್ನು ಬಳಸಿ ಹಿಡಿದು ಕುಳಿತಿದ್ದ ಪಕ್ಕದ ಮನೆಯ ಹೆಂಗಸು ಕ್ಯಾಮೆರಾಕ್ಕೆ ಅಡ್ಡವಾಗುತ್ತಿದ್ದರೆಂದು ಕಾಣುತ್ತದೆ, ಕ್ಯಾಮೆರಾ ಹಿಡಿದವನು ಎರಡು ಬೆರಳು ಆಡಿಸಿ ಸ್ವಲ್ಪ ಸರಿಯಿರಿ ಎಂದು ಸನ್ನೆ ಮಾಡಿದ. ಆಕೆ ಸರಿದರು. ಹೆಗಲ ಮೇಲಿದ್ದ ಕೈಯನ್ನು ಬಿಟ್ಟು ಸರಿದರು.

ಅಲ್ಲಿ ಬಾಯಿ ಮುಚ್ಚಿಕೊಂಡು ನಿಂತಿದ್ದ ಇಪ್ಪತ್ತು ಮೂವತ್ತು ಜನರಲ್ಲಿ ನಾನೂ ಒಬ್ಬ. ಮನೆಗೆ ಬಂದ ಮೇಲೆ ಫೇಸ್‌ಬುಕ್‌ನಲ್ಲಿ ಬರೆಯುವ ಈ ಶೌರ್ಯ ಅಲ್ಲಿ ಎಲ್ಲಿಗೆ ಹೋಗಿತ್ತು ಎಂದು ನೀವು ಕೇಳುವ ಮೊದಲೇ ನಾನು ನನ್ನನ್ನು ಕೇಳಿಕೊಂಡಾಗಿದೆ.

ಮರುದಿನ ನಮ್ಮ ಮಾವನ ತಿಥಿ ಇತ್ತು. ಎಡೆ ಇಡುವ ಹೊತ್ತಿನಲ್ಲೂ ನನ್ನ ತಲೆಯಲ್ಲಿ ಆ ಎರಡು ಬೆರಳುಗಳೇ ಓಡಾಡುತ್ತಿದ್ದವು, ಏಕೆಂದರೆ ಮಾವನೂ ಆ ಕಸುಬಿನವರೇ. ನನ್ನ ಹಳೆಯ ಗೆಳೆಯರಿಗೆಲ್ಲ ಅವರು ಗೊತ್ತು. ಮೈಸೂರಿನ ನಮ್ಮ ಮನೆಗೆ ಬಂದಾಗ ನಿಮ್ಮೆಲ್ಲರನ್ನೂ ಕೂರಿಸಿಕೊಂಡು ಕಡಲೆಪುರಿಗೆ ಈರುಳ್ಳಿ ಹೆಚ್ಚಿ ಕೊಟ್ಟವರು ಅವರೇ. ಅಮ್ಮನ ಒಬ್ಬನೇ ತಮ್ಮ. ಬೆಂಗಳೂರು ದೂರದರ್ಶನ ಕೇಂದ್ರ 1981ರ ನವೆಂಬರ್ 1ರಂದು ಆರಂಭವಾದಾಗ ಅವರಿನ್ನೂ ಚಿಕ್ಕ ಸ್ಟುಡಿಯೊವೊಂದರಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೊ ತೆಗೆಯುತ್ತಿದ್ದರು. ನಾಲ್ಕು ವರ್ಷದ ನಂತರ ಜೆ.ಸಿ. ನಗರದ ಆ ಕೇಂದ್ರವನ್ನು ಸೇರಿ, ನಿವೃತ್ತಿಯವರೆಗೂ ಸುದ್ದಿವಿಭಾಗದ ಕ್ಯಾಮೆರಾವನ್ನು ಹೊತ್ತರು. ನಮ್ಮ ಅಜ್ಜಿಗೆ ಕೊನೆಯವರೆಗೂ ಒಂದು ಅನುಮಾನ ಉಳಿದೇ ಹೋಯಿತು. ಸಂಜೆಯ ವಾರ್ತೆ ಮುಗಿಯುವವರೆಗೂ ಕಣ್ಣು ಮಿಟುಕಿಸದೆ ಕುಳಿತಿದ್ದು, "ಟೀವಿಯಲ್ಲಿ ಕೆಲಸ ಅಂತಾನೆ, ಒಂದು ದಿನಾನೂ ಕಾಣಿಸಲಿಲ್ಲವಲ್ಲೇ" ಎಂದು ಅಮ್ಮನನ್ನು ಕೇಳುತ್ತಿದ್ದರು.

ಅಂದಿನ ಕ್ಯಾಮೆರಾ ಈಗಿನಂತೆ ಅಂಗೈಯಲ್ಲಿ ಹಿಡಿಯುವ ವಸ್ತುವಾಗಿರಲಿಲ್ಲ. ಯೂಮ್ಯಾಟಿಕ್ ಎಂಬ ವೀಡಿಯೊ ಟೇಪಿನ ಕಾಲದಲ್ಲಿ ಕ್ಯಾಮೆರಾ ಒಬ್ಬರ ಹೆಗಲ ಮೇಲೆ, ಟೇಪ್ ಓಡುವ ರೆಕಾರ್ಡರ್ ಇನ್ನೊಬ್ಬರ ಹೆಗಲಿಗೆ. ನಡುವೆ ಒಂದು ಕೇಬಲ್. ಒಬ್ಬರು ಓಡಿದರೆ ಇನ್ನೊಬ್ಬರೂ ಓಡಬೇಕು, ಒಬ್ಬರು ಮುಗ್ಗರಿಸಿದರೆ ಇಬ್ಬರೂ ಬೀಳಬೇಕು. "ನಾವು ಜೋಡೆತ್ತು ಕಣಯ್ಯಾ, ನೊಗ ಮಾತ್ರ ಜಪಾನಿನದು" ಎಂದು ಮಾವ ನಗುತ್ತಿದ್ದರು. ಹೊರಗೆ ಒಯ್ಯುವ ಆ ರೆಕಾರ್ಡರಿಗೆ ಹಾಕುತ್ತಿದ್ದ ಕ್ಯಾಸೆಟ್ ಇಪ್ಪತ್ತು ನಿಮಿಷದ್ದು. ಎಲ್ಲಿಯೇ ಹೋಗಲಿ, ಕೆಲಸ ಶುರು ಮಾಡುವ ಮೊದಲು ಬಿಳಿಯ ವಸ್ತುವೊಂದನ್ನು ತೋರಿಸಿ ಕ್ಯಾಮೆರಾಕ್ಕೆ ಬಿಳಿ ಎಂದರೆ ಯಾವುದು ಎಂದು ಕಲಿಸಬೇಕು, ಅದಕ್ಕೆ ವೈಟ್ ಬ್ಯಾಲೆನ್ಸ್ ಎನ್ನುತ್ತಾರೆ. ನಮ್ಮ ಮನೆಯ ಸಮಾರಂಭಗಳಲ್ಲಿ ಈ ಕೆಲಸಕ್ಕೆ ತಾತನ ಪಂಚೆಯೇ ಆಗಬೇಕಿತ್ತು. "ಅಪ್ಪಾ, ಸ್ವಲ್ಪ ಈ ಕಡೆ ತಿರುಗಿ" ಎಂದು ತಾತನನ್ನು ಬಿಸಿಲಿನಲ್ಲಿ ನಿಲ್ಲಿಸಿ ಪಂಚೆಗೆ ಗುರಿಯಿಡುತ್ತಿದ್ದರು. ಮಗ ತನ್ನನ್ನೇ ತೆಗೆಯುತ್ತಿದ್ದಾನೆಂದು ತಿಳಿದು ತಾತ ಮುಖವನ್ನು ಗಂಭೀರ ಮಾಡಿಕೊಂಡು ನಿಲ್ಲುತ್ತಿದ್ದರು, ಪಾಪ.

ನಮ್ಮ ವಂಶದಲ್ಲಿ ಮಾವನ ಮೇಲೆ ಇದ್ದ ದೊಡ್ಡ ದೂರು ಮದುವೆ ಕ್ಯಾಸೆಟ್ಟುಗಳದ್ದು. ಸ್ನೇಹಿತರೊಬ್ಬರಿಂದ ವಿಎಚ್‌ಎಸ್ ಕ್ಯಾಮೆರಾ ಎರವಲು ತಂದು ಅಕ್ಕತಂಗಿಯರ ಮಕ್ಕಳ ಮದುವೆಗಳನ್ನೆಲ್ಲ ಅವರೇ ತೆಗೆದುಕೊಟ್ಟರು, ಒಂದು ಪೈಸೆ ಮುಟ್ಟಲಿಲ್ಲ. ಚಪ್ಪರ, ವರಪೂಜೆ, ಧಾರೆ, ಊಟದ ಪಂಕ್ತಿ, ಬಡಿಸುವವರ ಗಡಿಬಿಡಿ, ಎಲ್ಲವೂ ಇರುತ್ತಿತ್ತು. ಆದರೆ ಹೆಣ್ಣೊಪ್ಪಿಸುವ ಹೊತ್ತಿಗೆ ಸರಿಯಾಗಿ, ಹುಡುಗಿಯೂ ಅವಳ ತಾಯಿಯೂ ಅಳಲು ಶುರು ಮಾಡುತ್ತಿದ್ದಂತೆ, ಚಿತ್ರ ಮೆಲ್ಲನೆ ಮೇಲಕ್ಕೇರಿ ಮಾವಿನ ತೋರಣದ ಮೇಲೆ ನಿಂತುಬಿಡುತ್ತಿತ್ತು, ಇಲ್ಲವೇ ಕೆಳಗಿಳಿದು ನೆಲದ ಮೇಲೆ ಚೆಲ್ಲಿದ ಅಕ್ಷತೆಯ ಮೇಲೆ ನಿಲ್ಲುತ್ತಿತ್ತು. ಶಬ್ದ ಮಾತ್ರ ಓಡುತ್ತಿತ್ತು. ದೊಡ್ಡಮ್ಮ ಒಂದು ಸಲ ಸಿಟ್ಟಿನಿಂದ, "ದುಡ್ಡು ಕೊಟ್ಟು ಕರೆಸಿದ್ದರೆ ಕಣ್ಣೀರಿನ ಹನಿಯನ್ನೂ ಲೆಕ್ಕ ಮಾಡಿ ತೆಗೆಯುತ್ತಿದ್ದ" ಎಂದರು. ಮಾವನ ಉತ್ತರ ಯಾವಾಗಲೂ ಒಂದೇ. "ಟೇಪ್ ಮುಗಿಯಿತು ಅಕ್ಕಾ." ತೋರಣ ಮಾತ್ರ ಐದು ನಿಮಿಷ ಬಂದಿರುತ್ತಿತ್ತಲ್ಲ, ಆ ಟೇಪ್ ಎಲ್ಲಿಂದ ಬಂತು ಎಂದು ಯಾರೂ ಕೇಳಲಿಲ್ಲ.

ಅತ್ತೆ ಹೇಳಿದ ಇನ್ನೊಂದು ಸಂಗತಿಯನ್ನು ಇಲ್ಲಿ ಬರೆಯಬೇಕು. ಸಾವಿನ ಸುದ್ದಿ ಮಾಡಿ ಬಂದ ದಿನ ಮಾವ ನೇರವಾಗಿ ಮನೆಯೊಳಗೆ ಬರುತ್ತಿರಲಿಲ್ಲ. ಹಿತ್ತಲಿಗೆ ಹೋಗಿ, ಮಣ್ಣು ಮಾಡಿ ಬಂದವರಂತೆ ತಲೆಗೆ ನೀರು ಸುರಿದುಕೊಂಡು, ಒದ್ದೆ ಬಟ್ಟೆಯನ್ನು ಅಲ್ಲಿಯೇ ಹಿಂಡಿ ಬಿಟ್ಟು ಒಳಗೆ ಬರುತ್ತಿದ್ದರಂತೆ. ಸತ್ತವರು ಮಂತ್ರಿಯೋ ಮಠಾಧಿಪತಿಯೋ ರಸ್ತೆ ಬದಿಯ ಕೂಲಿಯವನೋ, ಅದರಲ್ಲಿ ಭೇದವಿರಲಿಲ್ಲ. ಎಷ್ಟೋ ಸಲ ಅತ್ತೆಗೆ ಸುದ್ದಿ ಗೊತ್ತಾಗುತ್ತಿದ್ದುದೇ ಹಿತ್ತಲ ಬಕೀಟಿನ ಸದ್ದಿನಿಂದ. 1990ರ ಫೆಬ್ರವರಿ 14ರಂದು ಮುಂಬೈಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ ವಿಮಾನ ಎಚ್‌ಎಎಲ್ ನಿಲ್ದಾಣದ ರನ್‌ವೇ ಮುಟ್ಟುವ ಮೊದಲೇ ಪಕ್ಕದ ಗಾಲ್ಫ್ ಮೈದಾನಕ್ಕೆ ಅಪ್ಪಳಿಸಿ ಉರಿಯಿತಲ್ಲ, ಅದರಲ್ಲಿದ್ದ 146 ಜನರಲ್ಲಿ 92 ಮಂದಿ ಸತ್ತರು. ಮಾವ ಮನೆಗೆ ಬಂದಾಗ ಮಧ್ಯರಾತ್ರಿ ದಾಟಿತ್ತು. ಅಂದು ಬಕೀಟಿನ ಸದ್ದು ನಿಲ್ಲಲೇ ಇಲ್ಲ ಎಂದು ಅತ್ತೆ ಹೇಳಿದರು, ಕೊನೆಗೆ ಅವರೇ ಹೋಗಿ ಕೈಯಿಂದ ಚೊಂಬನ್ನು ಕಿತ್ತುಕೊಳ್ಳಬೇಕಾಯಿತು. ವಿಮಾನದ ಚೂರು, ನೀರಿನ ಪೈಪು, ಹೊಗೆ, ಇವನ್ನೆಲ್ಲ ತೆಗೆದು ತಂದಿದ್ದರು. ಒಂಟಿ ಶೂ ಹಾಕಿಕೊಂಡು ಹುಲ್ಲಿನ ಮೇಲೆ ಕುಳಿತಿದ್ದ ಒಬ್ಬ ಮನುಷ್ಯನ ವಿಷಯವನ್ನು ಬಹಳ ವರ್ಷಗಳ ನಂತರ ನನಗೆ ಹೇಳಿದರು. "ಅವನನ್ನು ತೆಗೆದಿರಾ ಮಾವ?" ಎಂದೆ. "ಅವನು ನನ್ನ ಕಡೆ ನೋಡ್ತಾ ಇದ್ದನಪ್ಪಾ, ಹೇಗೆ ತೆಗೀಲಿ?" ಎಂದರು.

ಇಂಥವನ್ನು ಹೇಳಿದರೆ ನನ್ನ ಕೆಲವು ಪತ್ರಕರ್ತ ಮಿತ್ರರಿಗೆ ರೇಗುತ್ತದೆ. ನಿಮ್ಮ ದೂರದರ್ಶನ ಸರ್ಕಾರದ ತುತ್ತೂರಿಯಾಗಿತ್ತು, ಸಂಬಳ ಒಂದನೆಯ ತಾರೀಕಿಗೆ ಬರುತ್ತಿತ್ತು, ಪೈಪೋಟಿ ಇರಲಿಲ್ಲ, ನಿಮ್ಮ ಮಾವ ತೋರಣ ತೆಗೆದರೂ ನಡೆಯುತ್ತಿತ್ತು ಎನ್ನುತ್ತಾರೆ. ತುತ್ತೂರಿ ಎಂಬುದನ್ನು ಒಪ್ಪುತ್ತೇನೆ. 1984ರ ಅಕ್ಟೋಬರ್ 31ರ ಬೆಳಿಗ್ಗೆ ಇಂದಿರಾ ಗಾಂಧಿಯವರಿಗೆ ಗುಂಡೇಟು ಬಿದ್ದರೆ, ಅವರು ತೀರಿಕೊಂಡದ್ದನ್ನು ದೂರದರ್ಶನ ದೇಶಕ್ಕೆ ಹೇಳಿದ್ದು ಸಂಜೆ. ಬಿಬಿಸಿ ಕೇಳುತ್ತಿದ್ದವರಿಗೆ ಅಷ್ಟು ಹೊತ್ತಿಗಾಗಲೇ ಗೊತ್ತಾಗಿತ್ತು. ಆ ಮೌನ ತಪ್ಪು. ಆದರೆ ಸುದ್ದಿಯನ್ನು ಬಚ್ಚಿಡುವುದು ಬೇರೆ, ಅಳುವವರ ಮುಖವನ್ನು ಅವರಿಗೇ ಬಿಟ್ಟುಕೊಡುವುದು ಬೇರೆ. ಲಾರಿ ಎಷ್ಟು ವೇಗದಲ್ಲಿತ್ತು, ಚಾಲಕನ ಬಳಿ ಲೈಸೆನ್ಸ್ ಇತ್ತೇ, ಆ ತಿರುವಿನಲ್ಲಿ ದೀಪ ಕೆಟ್ಟು ಎಷ್ಟು ತಿಂಗಳಾಯಿತು ಎಂಬುದೆಲ್ಲ ಸುದ್ದಿ. ಮಂಗಳವಾರ ಬಂದ ಗಾಡಿ ಇವುಗಳಲ್ಲಿ ಒಂದನ್ನೂ ಕೇಳಲಿಲ್ಲ. ಆ ತಿರುವಿಗೆ ಹೋಗಲೇ ಇಲ್ಲ.

ಟಿಆರ್‌ಪಿಯ ಒತ್ತಡ, ಜನ ಅದನ್ನೇ ನೋಡುತ್ತಾರೆ ಎಂಬುದು ಇನ್ನೊಂದು ಪಲ್ಲವಿ. ಈ ಪಲ್ಲವಿಯನ್ನು ಹಾಡುವವರಿಗೆ ಒಂದು ನೆನಪು ಮಾಡಿಕೊಡುತ್ತೇನೆ. ಟಿಆರ್‌ಪಿ ಹಗರಣದ ಗದ್ದಲವೆದ್ದ ಮೇಲೆ, 2020ರ ಅಕ್ಟೋಬರ್‌ನಲ್ಲಿ, ಯಾವ ವಾಹಿನಿಯನ್ನು ಎಷ್ಟು ಜನ ನೋಡುತ್ತಾರೆಂದು ಅಳೆಯುವ ಬಾರ್ಕ್ ಸಂಸ್ಥೆ ಸುದ್ದಿವಾಹಿನಿಗಳ ವಾರದ ರೇಟಿಂಗ್ ಪ್ರಕಟಿಸುವುದನ್ನೇ ನಿಲ್ಲಿಸಿತು. ಅದು ಮತ್ತೆ ಶುರುವಾದದ್ದು 2022ರ ಮಾರ್ಚ್‌ನಲ್ಲಿ. ಅಂದರೆ ಸುಮಾರು ಹದಿನೇಳು ತಿಂಗಳು ಯಾರು ಮೊದಲು, ಯಾರು ಕೊನೆ ಎಂದು ಹೇಳುವ ಆ ಅಂಕಪಟ್ಟಿಯೇ ಇರಲಿಲ್ಲ. ಪುನೀತ್ ರಾಜ್‌ಕುಮಾರ್ ತೀರಿಕೊಂಡ 2021ರ ಅಕ್ಟೋಬರ್ 29 ಬಂದದ್ದು ಆ ಅವಧಿಯಲ್ಲಿಯೇ. ಅಂದಿನಿಂದ 31ರಂದು ಕಂಠೀರವ ಸ್ಟುಡಿಯೊದಲ್ಲಿ ಅಂತ್ಯಕ್ರಿಯೆ ಮುಗಿಯುವವರೆಗೆ ನಾಡೇ ಟಿ.ವಿ. ಮುಂದೆ ಕುಳಿತಿತ್ತು, ನಮ್ಮ ಮನೆಯವರೂ ಕುಳಿತಿದ್ದೆವು, ಕೋಟ್ಯಂತರ ಜನರಿಗೆ ತಮ್ಮ ಮನೆಯ ಹುಡುಗನೇ ಹೋದ ಹಾಗಾಗಿತ್ತು, ಆದ್ದರಿಂದ ಆ ಜನಸಾಗರವನ್ನು ತೋರಿಸಿದ್ದರಲ್ಲಿ ತಪ್ಪಿಲ್ಲ. ಆದರೆ ಆ ಮನೆಯ ಹೆಣ್ಣುಮಕ್ಕಳ ಮುಖದ ಮೇಲೆ ಕ್ಯಾಮೆರಾ ನಿಂತು, ನಿಂತು, ಇನ್ನೂ ಹತ್ತಿರಕ್ಕೆ ಹೋಗುತ್ತಿದ್ದಾಗ, ಯಾವ ಅಂಕಪಟ್ಟಿಯ ಒತ್ತಡವಿತ್ತು ಸ್ವಾಮಿ? ಆಗ ಬದುಕಿದ್ದ ಮಾವ ನೋಡುತ್ತ ಕುಳಿತವರು ಎದ್ದುಹೋಗಿ ರಿಮೋಟನ್ನು ಅಡುಗೆಮನೆಯ ಡಬ್ಬಗಳ ಹಿಂದೆ ಇಟ್ಟುಬಂದರು. ಎರಡು ದಿನ ಅದು ಯಾರಿಗೂ ಸಿಗಲಿಲ್ಲ.

ನಿಯಮಗಳಿಲ್ಲವೆಂದೇನೂ ಅಲ್ಲ. ಖಾಸಗಿ ಶೋಕದ ಗಳಿಗೆಯಲ್ಲಿ ಕ್ಯಾಮೆರಾ ನುಗ್ಗಬಾರದೆಂಬ ಮಾತು ಪ್ರೆಸ್ ಕೌನ್ಸಿಲ್‌ನ ನಡತೆಯ ಸೂತ್ರಗಳಲ್ಲಿದೆ, ಆದರೆ ಅದರ ಅಧಿಕಾರ ಪತ್ರಿಕೆಗಳಿಗಷ್ಟೇ, ಟಿ.ವಿ.ಗೆ ಇಲ್ಲ. ವಾಹಿನಿಗಳು ತಾವೇ ಸೇರಿ ಕಟ್ಟಿಕೊಂಡ ವ್ಯವಸ್ಥೆಯೂ ಒಂದಿದೆ, ಅಲ್ಲಿ ದೂರನ್ನು ಮೊದಲು ಆ ವಾಹಿನಿಗೇ ಬರೆದು ಕೊಡಬೇಕು. ಮಗನ ಹದಿಮೂರನೆಯ ದಿನದ ಕೆಲಸ ಮುಗಿಸಿ, ಕಣ್ಣೊರೆಸಿಕೊಂಡು, ಪ್ರಸಾರದ ದಿನಾಂಕ ಮತ್ತು ಸಮಯವನ್ನು ನಮೂದಿಸಿ ಆ ತಾಯಿ ಅರ್ಜಿ ಬರೆಯಲಿ ಎನ್ನುತ್ತೀರಾ?

ಇನ್ನು ನನ್ನ ವಿಷಯ. ಇದನ್ನು ಬರೆಯದೆ ಮೇಲಿನದನ್ನೆಲ್ಲ ಬರೆಯುವ ಯೋಗ್ಯತೆ ನನಗಿಲ್ಲ.

ಮಾವ ಹೋದದ್ದು 2022ರ ಡಿಸೆಂಬರ್‌ನಲ್ಲಿ, ಬೆಳಗಿನ ಕಾಫಿ ಕುಡಿದು ಲೋಟ ಕೆಳಗಿಡುವಷ್ಟರಲ್ಲಿ. ಮಗಳು ಅಮೆರಿಕದ ಡಲ್ಲಾಸ್‌ನಲ್ಲಿ ಹತ್ತು ದಿನದ ಬಾಣಂತಿ, ವಿಮಾನ ಹತ್ತುವ ಸ್ಥಿತಿಯಲ್ಲಿರಲಿಲ್ಲ. ವೀಡಿಯೊ ಕಾಲ್ ಮಾಡಿ ತೋರಿಸುವ ಜವಾಬ್ದಾರಿಯನ್ನು ನಾನು ವಹಿಸಿಕೊಂಡೆ. ಅಲ್ಲ, ಯಾರೂ ವಹಿಸಲಿಲ್ಲ, ನಾನೇ ಮೊಬೈಲ್ ಎತ್ತಿಕೊಂಡೆ. ಮಾವನ ಮುಖ ತೋರಿಸಿದೆ. ಹೂವಿನ ಹಾರ ತೋರಿಸಿದೆ. ಆಮೇಲೆ ನನ್ನ ಕೈ ತಾನಾಗಿ ಅತ್ತೆಯ ಕಡೆ ತಿರುಗಿತು. ಅತ್ತೆ ಸೆರಗನ್ನು ಮುಖದ ಮೇಲೆ ಎಳೆದುಕೊಂಡರು. ನಾನು ಇನ್ನೂ ಒಂದು ಹೆಜ್ಜೆ ಹತ್ತಿರ ಹೋದೆ. ಅವರ ಪಕ್ಕ ಕುಳಿತಿದ್ದ ಅಮ್ಮನಿಗೆ "ಸ್ವಲ್ಪ ಸರಿಯಮ್ಮ" ಎಂದೂ ಹೇಳಿದೆ ಎಂದು ಈಗ ನೆನಪಾಗುತ್ತಿದೆ. ಹೇಳಿಲ್ಲ ಎಂದುಕೊಳ್ಳಲು ಈ ಮೂರು ನಾಲ್ಕು ದಿನದಿಂದ ಪ್ರಯತ್ನಿಸುತ್ತಿದ್ದೇನೆ, ಆಗುತ್ತಿಲ್ಲ. ಆಗ ಮೊಬೈಲಿನಿಂದ ತಂಗಿಯ ದನಿ ಬಂತು. ಅಳು ಇರಲಿಲ್ಲ ಅದರಲ್ಲಿ. "ಅಣ್ಣಾ, ಅಮ್ಮನ ಮುಖ ಬೇಡ. ಅಪ್ಪನ ಕಾಲು ತೋರಿಸು."

ತೋರಿಸಿದೆ. ಅವಳು ಮಗುವನ್ನು ಪಕ್ಕದಲ್ಲಿ ಮಲಗಿಸಿ, ಆ ಪುಟ್ಟ ಪರದೆಗೆ ಹಣೆ ಮುಟ್ಟಿಸಿದಳು. ನನಗೆ ಕಂಡದ್ದು ಅವಳ ಬೈತಲೆ ಮಾತ್ರ.

ತಿಥಿಯ ರಾತ್ರಿ ಊಟವಾದ ಮೇಲೆ ಅಕ್ಕನ ಮಗ, ತಾನು ಡಿಜಿಟಲ್ ಮಾಡಿಸಿ ತಂದಿದ್ದ 1991ರ ಅಕ್ಕನ ಮದುವೆಯ ಕ್ಯಾಸೆಟ್ಟನ್ನು ಲ್ಯಾಪ್‌ಟಾಪಿನಲ್ಲಿ ಹಾಕಿದ. ತಾತನ ಪಂಚೆ ಬಂತು, ಎಲ್ಲರೂ ನಕ್ಕರು. ಧಾರೆ ಬಂತು. ಹೆಣ್ಣೊಪ್ಪಿಸುವ ಹೊತ್ತಿಗೆ ಚಿತ್ರ ನಿಯಮದಂತೆ ತೋರಣದ ಮೇಲಕ್ಕೆ ಏರಿತು, "ಬಂತು ನೋಡು, ಟೇಪ್ ಮುಗಿಯಿತು" ಎಂದು ದೊಡ್ಡಮ್ಮ ಮೂವತ್ತು ವರ್ಷದ ಹಳೆಯ ಸಿಟ್ಟನ್ನು ನಗುತ್ತಲೇ ಹೊರಹಾಕಿದರು. ಹಳೆಯ ಟಿ.ವಿ.ಯ ಗರಗರ ಶಬ್ದದಲ್ಲಿ ಇಷ್ಟು ವರ್ಷ ನಮಗೆ ಕೇಳಿಸದೇ ಇದ್ದದ್ದು ಅಂದು ಸ್ಪಷ್ಟವಾಗಿ ಕೇಳಿಸಿತು. ಅಕ್ಕನ ಅಳು ದೂರದಲ್ಲಿದೆ, ಅಮ್ಮನದು ಇನ್ನೂ ದೂರ. ಮೈಕಿಗೆ ತೀರ ಹತ್ತಿರದಲ್ಲಿ, ಬಾಯಿಗೆ ಬಟ್ಟೆ ಒತ್ತಿ ಹಿಡಿದಂತೆ, ಗಂಡಸೊಬ್ಬ ಬಿಕ್ಕುತ್ತಿದ್ದಾನೆ. ಅಷ್ಟು ಬಿಕ್ಕುತ್ತಿದ್ದರೂ ತೋರಣದ ಎಲೆಗಳು ಒಂದಿಷ್ಟೂ ಅಲುಗಾಡುವುದಿಲ್ಲ.

ಅತ್ತೆ ಎದ್ದು ಹಿತ್ತಲ ಕಡೆ ಹೋದರು. ಯಾರೂ ಹಿಂದೆ ಹೋಗಲಿಲ್ಲ.

ಆ ತುಣುಕನ್ನು ಇಲ್ಲಿ ಹಾಕಿ ಎಂದು ಈಗಾಗಲೇ ನಾಲ್ಕೈದು ಮಂದಿ ಬಂಧುಗಳು ಕೇಳಿದ್ದಾರೆ. ಹಾಕುವುದಿಲ್ಲ, ದಯವಿಟ್ಟು ಮತ್ತೆ ಕೇಳಬೇಡಿ.