ಐಕಾನ್‌ಗಳ ಹಿಂದಿನ ಮೀನು

ನಮ್ಮ ದೊಡ್ಡಪ್ಪನ ಫೋನಿನ ಚಲಿಸುವ ವಾಲ್‌ಪೇಪರಿನಲ್ಲಿ ಎಂಟು ಮೀನುಗಳಿವೆ. ಎರಡು ಕಿತ್ತಳೆ ಬಣ್ಣದವು. ಒಂದಕ್ಕೆ ಬೆನ್ನ ಮೇಲೆ ಕಪ್ಪು ಮಚ್ಚೆ. ಉಳಿದ ಐದರ ಬಣ್ಣ ನನಗಿನ್ನೂ ಗೊತ್ತಾಗಿಲ್ಲ, ಯಾಕೆಂದರೆ ಅವು ಸದಾ ಐಕಾನ್‌ಗಳ ಹಿಂದೆಯೇ ಇರುತ್ತವೆ. ಸ್ಕ್ರೀನ್ ಮುಟ್ಟಿದರೆ ನೀರಿನಲ್ಲಿ ಅಲೆ ಏಳುತ್ತದೆ, ಮೀನುಗಳು ಬೆದರಿ ಚದುರುತ್ತವೆ. ದೊಡ್ಡಪ್ಪ ಯಾರಿಗಾದರೂ ಫೋನ್ ಮಾಡಬೇಕಿದ್ದರೆ, ಹಸಿರು ಬಟನ್ ಹಿಂದಿನ ಮೀನು ಆಚೆ ಹೋಗುವ ತನಕ ಕಾಯುತ್ತಾರೆ. "ಪಾಪ, ಅದರ ತಲೆ ಮೇಲೆ ಯಾಕೆ ಒತ್ತೋದು" ಅಂತ.

ಒಂಬತ್ತನೇ ಮೀನೂ ಒಂದಿದೆಯಂತೆ. ಅದು ಬೇಕಿದ್ದರೆ 30 ಸೆಕೆಂಡಿನ ಜಾಹೀರಾತು ನೋಡಬೇಕು. ದೊಡ್ಡಪ್ಪ ನೋಡಿದರು. ಮೀನು ಒಂದು ದಿನ ಇದ್ದು ಹೋಯಿತು. ಈಗ ದಿನಾ ಬೆಳಿಗ್ಗೆ ಎದ್ದ ಕೂಡಲೇ ಒಂದು ಜಾಹೀರಾತು ನೋಡಿ ಅದನ್ನು ಕರೆಸಿಕೊಳ್ಳುತ್ತಾರೆ. ಇದೇ ಆಪ್ ಹಾಕಿಕೊಳ್ಳುವಾಗ ಅವರ ಲೊಕೇಶನ್ ಕೇಳಿತ್ತು, ಕಾಂಟ್ಯಾಕ್ಟ್ ಲಿಸ್ಟ್ ಕೇಳಿತ್ತು. ಎಲ್ಲಕ್ಕೂ ಒಪ್ಪಿದ್ದಾರೆ. ಮೀನಿಗೆ ನಮ್ಮ ಬಂಧುಗಳ ನಂಬರ್ ಯಾಕೆ ಎಂದರೆ, "ಕೇಳ್ತು, ಕೊಟ್ಟೆ" ಎಂದರು.

ವಾಲ್‌ಪೇಪರ್ ಎಂದರೆ ಗೋಡೆಗೆ ಅಂಟಿಸುವ ಕಾಗದ ಅಲ್ವಾ? ಗೋಡೆಯ ಕೆಲಸ ಸುಮ್ನೆ ನಿಲ್ಲುವುದು. ಗೋಡೆ ಅಲ್ಲಾಡಿದರೆ ಭೂಕಂಪ ಎಂದು ಹೊರಗೆ ಓಡುತ್ತೇವೆ. ಫೋನಿನಲ್ಲಿ ಅಲ್ಲಾಡಿದರೆ ಮಾತ್ರ ಅದು ಫೀಚರ್.

ಯಾರ ಫೋನನ್ನಾದರೂ ಇಸಿದುಕೊಂಡು ನೋಡಿ. ಒಂದು ಜಲಪಾತ ಧುಮ್ಮಿಕ್ಕುತ್ತಿರುತ್ತದೆ. ಅದರ ಮುಂದೆ ಗಡಿಯಾರ, ಹವಾಮಾನ, ಐದು ಸಾಲು ಐಕಾನ್. ನೀರು ಬ್ಯಾಂಕಿನ ಆಪ್ ಹಿಂದೆ ಹುಟ್ಟಿ, ಕ್ಯಾಲ್ಕುಲೇಟರ್ ಪಕ್ಕದಲ್ಲಿ ಒಂದು ಬೆರಳಿನಷ್ಟು ಅಗಲ ಕಾಣಿಸಿಕೊಂಡು, ಅಲಾರಂ ಕೆಳಗೆ ಮಾಯವಾಗುತ್ತದೆ. ಇನ್ನು ಯಾವುದಾದರೂ ಆಪ್ ತೆರೆದಿರೋ, ಜಲಪಾತ ಪೂರ್ತಿ ಮರೆ. ಆಗ ಅದು ಓಡುವುದನ್ನು ನಿಲ್ಲಿಸಿ ಬ್ಯಾಟರಿ ಉಳಿಸಬೇಕು, ಸರಿಯಾಗಿ ಬರೆದ ವಾಲ್‌ಪೇಪರ್ ಹಾಗೇ ಮಾಡುತ್ತದೆ. ಅಂದರೆ ಓಡುವಾಗ ಕಾಣುವುದಿಲ್ಲ, ಕಾಣದಿದ್ದಾಗ ಓಡುವುದಿಲ್ಲ. ಇಂಥ ಕೆಲಸಗಾರರನ್ನು ನಾನು ಬೇರೆ ಕಡೆಯೂ ನೋಡಿದ್ದೇನೆ.

ಈ ಲೈವ್ ವಾಲ್‌ಪೇಪರ್ ಭಾಗ್ಯ ನಮಗೆ ಬಂದದ್ದು 2010ರ ಜನವರಿಯಲ್ಲಿ. ಗೂಗಲ್‌ನ ನೆಕ್ಸಸ್ ಒನ್ ಫೋನ್, ಅದರೊಳಗೆ ಆಂಡ್ರಾಯ್ಡ್ 2.1 ತಂತ್ರಾಂಶ. ಅದಕ್ಕೂ ಮೊದಲು ಕಂಪ್ಯೂಟರಿನಲ್ಲಿ ಸ್ಕ್ರೀನ್ ಸೇವರ್ ಇತ್ತು. ಅದೂ ಕುಣಿಯುತ್ತಿತ್ತು, ಆದರೆ ಅದಕ್ಕೊಂದು ಕಾರಣವಿತ್ತು. ಹಳೇ ಡಬ್ಬಿ ಮಾನಿಟರಿನಲ್ಲಿ ಒಂದೇ ಚಿತ್ರ ಗಂಟೆಗಟ್ಟಲೆ ನಿಂತರೆ ಸ್ಕ್ರೀನಿನ ಮೇಲೆ ಅದರ ಕಲೆ ಉಳಿದುಬಿಡುತ್ತಿತ್ತು. ಅದಕ್ಕೇ ಏನಾದರೊಂದು ಓಡಾಡುತ್ತಿರಬೇಕಿತ್ತು. ಸ್ಕ್ರೀನ್ ಉಳಿಸಲು ಕುಣಿದದ್ದು ಅದು. ಈಗ ಕುಣಿಯುತ್ತಿರುವುದು ಬ್ಯಾಟರಿ ಮುಗಿಸಲು.

ಈಗಿನ ಎಷ್ಟೋ ಫೋನ್‌ಗಳಲ್ಲಿ ಒಎಲ್‌ಇಡಿ ಸ್ಕ್ರೀನ್ ಇದೆ. ಅದರಲ್ಲಿ ಒಂದೊಂದು ಚುಕ್ಕೆಯೂ ತಾನೇ ಬೆಳಗುತ್ತದೆ. ಕಪ್ಪು ಬೇಕಿದ್ದ ಕಡೆ ಚುಕ್ಕೆ ಆರಿಬಿಡುತ್ತದೆ, ಅಷ್ಟು ಚಾರ್ಜ್ ಉಳಿಯಿತು. ಎಂಜಿನಿಯರ್‌ಗಳು ತಲೆ ಕೆಡಿಸಿಕೊಂಡು ಇಷ್ಟು ಮಾಡಿಕೊಟ್ಟರೆ, ನಾವು ಅದರ ಮೇಲೆ ಉರಿಯುವ ಸೂರ್ಯನನ್ನು ಗಿರಗಿರ ತಿರುಗಿಸುತ್ತೇವೆ. ಮಧ್ಯಾಹ್ನದ ಹೊತ್ತಿಗೆ "ಚಾರ್ಜರ್ ಇದ್ಯಾ?" ಎಂದು ಗೋಡೆ ಗೋಡೆ ಹುಡುಕುತ್ತೇವೆ. ಅಲ್ಲಾಡದ ಗೋಡೆ, ನಿಜವಾದದ್ದು.

ಬರೀ ಬ್ಯಾಟರಿಯಾದರೆ ಸಹಿಸಬಹುದಿತ್ತು. 2013ರಲ್ಲಿ ಐಫೋನಿಗೆ ಐಒಎಸ್ 7 ಎಂಬ ಹೊಸ ತಂತ್ರಾಂಶ ಬಂದಾಗ, ಫೋನ್ ಓರೆ ಮಾಡಿದರೆ ಐಕಾನ್‌ಗಳ ಹಿಂದಿನ ಚಿತ್ರ ಜರುಗುತ್ತಿತ್ತು. ಆಪ್ ತೆರೆದರೆ ಸ್ಕ್ರೀನ್ ಮುಖಕ್ಕೇ ನುಗ್ಗಿ ಬಂದಂತೆ ಕಾಣುತ್ತಿತ್ತು. ಕೆಲವರಿಗೆ ತಲೆಸುತ್ತು, ವಾಕರಿಕೆ ಶುರುವಾಯಿತು. ದೂರುಗಳ ಮೇಲೆ ದೂರು. ಕೆಲವೇ ವಾರಗಳಲ್ಲಿ ಬಂದ ಅಪ್‌ಡೇಟಿನಲ್ಲಿ ಈ ಕುಣಿತಗಳನ್ನು ತಗ್ಗಿಸಲು ದಾರಿ ಮಾಡಿಕೊಡಬೇಕಾಯಿತು. ಬಸ್ಸು ಹತ್ತದೆ, ಮನೆಯ ಕುರ್ಚಿಯಲ್ಲೇ ಕೂತು, ಪ್ರಯಾಣದ ವಾಂತಿ ಮಾತ್ರ ಅನುಭವಿಸಿದ ಮೊದಲ ತಲೆಮಾರು ನಮ್ಮದೇ ಇರಬೇಕು.

ಹಾಗಂತ ನಿಂತ ಚಿತ್ರವನ್ನೂ ನಂಬುವಂತಿಲ್ಲ. 2020ರಲ್ಲಿ ಒಂದು ಸರೋವರದ ಸುಂದರ ಫೋಟೋವನ್ನು ವಾಲ್‌ಪೇಪರ್ ಮಾಡಿಕೊಂಡ ಕೆಲವು ಆಂಡ್ರಾಯ್ಡ್ ಫೋನ್‌ಗಳು ಆನ್ ಆಗಿ, ಆಫ್ ಆಗಿ, ಮತ್ತೆ ಆನ್ ಆಗಿ ಒದ್ದಾಡಿದವು. ಫೋಟೋದ ಬಣ್ಣದ ಲೆಕ್ಕ ಫೋನಿನ ಲೆಕ್ಕಕ್ಕೆ ಹೊಂದಿರಲಿಲ್ಲ. ಚಿತ್ರ ನಿಂತಿತ್ತು, ಫೋನೇ ಕುಣಿಯಿತು.

ವಾಲ್‌ಪೇಪರ್ ಬಿಡಿ, ಅದು ನಮ್ಮ ನಮ್ಮ ಜೇಬಿನ ಹುಚ್ಚು. ಚಲಿಸುವ ಫೋಟೋ ಇದೆಯಲ್ಲ, ಅದು ಊರಿಗೆಲ್ಲ ಹಂಚುವಂಥದ್ದು.

1838ರಲ್ಲಿ ಪ್ಯಾರಿಸಿನ ಒಂದು ಬೀದಿಯ ಫೋಟೋ ತೆಗೆದರು. ಕ್ಯಾಮೆರಾ ನಿಮಿಷಗಟ್ಟಲೆ ಕಣ್ಣು ಬಿಟ್ಟುಕೊಂಡಿರಬೇಕಿದ್ದ ಕಾಲ. ಓಡಾಡುತ್ತಿದ್ದ ಜನ, ಗಾಡಿ, ಕುದುರೆ ಒಂದೂ ಮೂಡಲಿಲ್ಲ. ಶೂ ಪಾಲಿಶ್ ಮಾಡಿಸಿಕೊಳ್ಳುತ್ತ ನಿಂತಿದ್ದ ಒಬ್ಬ, ಅವನ ಶೂ ಉಜ್ಜುತ್ತಿದ್ದ ಇನ್ನೊಬ್ಬ ಮಾತ್ರ ಮೂಡಿದರು. ಆಮೇಲೆ ಸ್ಟುಡಿಯೋಗಳಲ್ಲಿ ತಲೆ ಅಲ್ಲಾಡದಂತೆ ಹಿಂದಿನಿಂದ ಕಬ್ಬಿಣದ ಹಿಡಿ ಕೊಟ್ಟು ಕೂರಿಸುತ್ತಿದ್ದರು. ಮನುಷ್ಯ ನಿಲ್ಲಲು ಕಲಿತ. ಈಗ ಫೋಟೋ ನಿಲ್ಲುತ್ತಿಲ್ಲ.

2015ರಲ್ಲಿ ಐಫೋನ್ 6ಎಸ್ ಜೊತೆ ಲೈವ್ ಫೋಟೋ ಬಂತು. ಬಟನ್ ಒತ್ತುವ ಮುಂಚಿನ ಒಂದೂವರೆ ಸೆಕೆಂಡು, ಒತ್ತಿದ ಮೇಲಿನ ಒಂದೂವರೆ ಸೆಕೆಂಡು, ಎಲ್ಲ ದಾಖಲೆ. ಬೇರೆ ಫೋನ್‌ಗಳಲ್ಲೂ ಮೋಷನ್ ಫೋಟೋ ಅಂತ ಇಂಥದ್ದೇ ಇದೆ. ನಾವು ನಗುವುದು ಬಟನ್ ಒತ್ತಿದ ಆ ಕ್ಷಣಕ್ಕೆ. ಹಿಂದಿನ ಒಂದೂವರೆ ಸೆಕೆಂಡಿನಲ್ಲಿ ಹೊಟ್ಟೆ ಒಳಗೆಳೆದುಕೊಳ್ಳುತ್ತಿರುತ್ತೇವೆ. ಮುಂದಿನ ಒಂದೂವರೆಯಲ್ಲಿ ಅದನ್ನು ಬಿಡುತ್ತೇವೆ. ಎರಡೂ ಸ್ಪಷ್ಟವಾಗಿ ಬರುತ್ತವೆ. ಅದರ ಮೇಲೆ, ಧ್ವನಿಯೂ ಇರುತ್ತದೆ. ಇದನ್ನು ಬಹಳ ಜನ ಮರೆತಿರುತ್ತಾರೆ.

ನಮ್ಮ ಮನೆಯಲ್ಲಿ ಎಲ್ಲರೂ ಸೇರಿದ್ದಾಗ ಒಂದು ಗ್ರೂಪ್ ಫೋಟೋ ತೆಗೆದೆವು. ಹದಿನಾಲ್ಕು ಜನ, ಹದಿನಾಲ್ಕು ನಗು. ನೋಡಿದರೆ ಕಣ್ಣು ತುಂಬುವಂತಿತ್ತು. ಎಲ್ಲರಿಗೂ ಕಳಿಸಿದೆವು. ಸಂಜೆ ಯಾರೋ ಆ ಫೋಟೋದ ಮೇಲೆ ಬೆರಳು ಒತ್ತಿ ಹಿಡಿದರು. ಒಳಗಿಂದ ಚಿಕ್ಕಮ್ಮನ ದನಿ: "ಅವಳನ್ನ ತುದಿಗೆ ನಿಲ್ಸಿ, ಆಮೇಲೆ ಕತ್ತರಿಸೋಕೆ ಸುಲಭ."

ತುದಿಯಲ್ಲಿ ನಿಂತವರು ನಮ್ಮ ಅತ್ತೆ.

ಎಲ್ಲ ಫೋನಿಗೂ ಈ ಫೋಟೋ ಅಲ್ಲಾಡುತ್ತ ತಲುಪುವುದಿಲ್ಲ. ಕೆಲವಕ್ಕೆ ಬರೀ ನಿಂತ ಚಿತ್ರವಾಗಿ ಹೋಗುತ್ತದೆ. ಹಾಗಾಗಿ ಅರ್ಧ ಬಂಧುಗಳಿಗೆ ಫೋಟೋ ಹೋಯಿತು, ಇನ್ನರ್ಧಕ್ಕೆ ಸಾಕ್ಷಿ ಹೋಯಿತು. ಅತ್ತೆಯ ಫೋನಿಗೆ ಯಾವುದು ಹೋಗಿದೆ ಎಂದು ಚಿಕ್ಕಮ್ಮ ಇವತ್ತಿಗೂ ನನ್ನನ್ನು ಮೆಲ್ಲಗೆ ಕೇಳುತ್ತಾರೆ.

ಇಷ್ಟಾದರೂ ಈ ಚಟ ಬಿಡುವಂಥದ್ದಲ್ಲ. 2022ರ ಐಒಎಸ್ 16ರಲ್ಲಿ ಲಾಕ್ ಸ್ಕ್ರೀನಿನ ಲೈವ್ ಫೋಟೋ ಅಲ್ಲಾಡುವುದನ್ನು ತೆಗೆದುಹಾಕಿದ್ದರು. ಜನ ಬೇಸರ ಮಾಡಿಕೊಂಡರು. ಮರುವರ್ಷ ಐಒಎಸ್ 17ರಲ್ಲಿ ವಾಪಸ್ ಕೊಟ್ಟರು. ನಡುವಿನ ಒಂದು ವರ್ಷ ಆ ಫೋನಿನವರು ಅಲ್ಲಾಡದ ಮಕ್ಕಳ, ಅಲ್ಲಾಡದ ನಾಯಿಯ ಮುಖ ನೋಡಿಕೊಂಡು ಹೇಗೋ ದಿನ ದೂಡಿದರು.

ಮೊನ್ನೆ ರಾತ್ರಿ ದೊಡ್ಡಪ್ಪ ಒಳಗಿನ ಕೋಣೆಯಿಂದ ಕೂಗಿದರು. ದನಿಯಲ್ಲಿ ಗಾಬರಿ. "ಬೇಗ ಬಾರೋ, ಇವು ಅಲ್ಲಾಡ್ತಾನೇ ಇಲ್ಲ!"

ಹೋಗಿ ನೋಡಿದೆ. ಒಂಬತ್ತೂ ಮೀನು ನಿಂತಲ್ಲೇ ನಿಂತಿದ್ದವು. ಮಚ್ಚೆ ಮೀನಂತೂ ಅರ್ಧ ತಿರುಗಿ ಹಾಗೇ ಇತ್ತು. ಬ್ಯಾಟರಿ ಶೇ 9. ಫೋನ್ ತಾನಾಗಿ ಬ್ಯಾಟರಿ ಸೇವರ್‌ಗೆ ಹೋಗಿ ಕೊಳವನ್ನೇ ನಿಲ್ಲಿಸಿತ್ತು. ಮೇಲೆ ಮೂರು ಮಿಸ್ಡ್ ಕಾಲ್ ಕಾಣುತ್ತಿದ್ದವು, ಅವರ ಗಮನ ಅತ್ತ ಹೋಗಿರಲಿಲ್ಲ. ಚಾರ್ಜರ್ ಸಿಕ್ಕಿಸಿದೆ. ಸ್ವಲ್ಪ ಹೊತ್ತಿಗೆ ಮಚ್ಚೆ ಮೀನು ಬಾಲ ಆಡಿಸಿತು.

"ಬದುಕ್ತಾ?"

"ಬದುಕ್ತು ದೊಡ್ಡಪ್ಪ. ಮೂರು ಮಿಸ್ಡ್ ಕಾಲ್ ಇದೆ, ನೋಡಿ."

"ಈಗ ತಾನೇ ಸುಧಾರಿಸ್ಕೊಂಡಿವೆ, ಮುಟ್ಟಬೇಡ. ನಿನ್ನ ಫೋನ್ ಕೊಡು, ಅದರಿಂದ ಮಾಡ್ತೀನಿ."

ಕೊಟ್ಟೆ. ನನ್ನದು ಬರೀ ಕಪ್ಪು ವಾಲ್‌ಪೇಪರ್. ಅವರು ಕನ್ನಡಕ ಮೇಲೇರಿಸಿ, ಫೋನನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇದಕ್ಕೇನಾಯ್ತೋ? ರಿಪೇರಿಗೆ ಕೊಡಬಾರದಾ?"