ಸತ್ಯಾಂಶ: ಲಿಂಕನ್ ಬದುಕು ಬರೀ ಸೋಲಿನ ಪಟ್ಟಿಯಲ್ಲ

ಅಬ್ರಹಾಂ ಲಿಂಕನ್ ಕೈಹಾಕಿದ ಕೆಲಸದಲ್ಲೆಲ್ಲ ಸೋತು, 1860ರಲ್ಲಿ ಏಕಾಏಕಿ ಅಮೆರಿಕದ ಅಧ್ಯಕ್ಷರಾಗಿ ಆಯ್ಕೆಯಾದರೆಂಬ ಪಟ್ಟಿಯೊಂದು ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಅದರಲ್ಲಿನ ಕೆಲವು ಸೋಲುಗಳು ನಿಜವೇ ಆದರೂ, ಗೆಲುವುಗಳನ್ನು ಕೈಬಿಟ್ಟಿರುವುದು ಅವರಿಗೆ ಮಾಡಿದ ಅನ್ಯಾಯ. 1832ರಲ್ಲಿ ಇಲಿನಾಯ್ ಶಾಸನಸಭೆಯ ಚುನಾವಣೆಯಲ್ಲಿ ಸೋತಾಗಲೂ, ಅವರನ್ನು ಹತ್ತಿರದಿಂದ ಬಲ್ಲ ನ್ಯೂ ಸೇಲಂನ ಸುಮಾರು 300 ಮತಗಳಲ್ಲಿ 277 ಅವರಿಗೇ ಬಿದ್ದಿದ್ದವು. 1834ರಲ್ಲಿ ಗೆದ್ದ ಅವರು ಸತತ ನಾಲ್ಕು ಅವಧಿಗೆ ಶಾಸಕರಾದರು. 1836ರಲ್ಲಿ ವಕೀಲಿಕೆಯ ಪರವಾನಗಿ ಪಡೆದು, ಮುಂದೆ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ಎಷ್ಟು ಹೆಸರು ಮಾಡಿದರೆಂದರೆ, ರೈಲ್ವೆ ಕಂಪನಿಯೊಂದರ ಪರ ನಡೆಸಿದ ಮೊಕದ್ದಮೆಗೆ 5,000 ಡಾಲರ್ ಶುಲ್ಕ ಪಡೆದರು. 1846ರಲ್ಲಿ ಸಂಸತ್ತಿನ ಕೆಳಮನೆಗೂ ಆಯ್ಕೆಯಾದರು. ಮೇಲ್ಮನೆಯಾದ ಸೆನೆಟ್‌ನ ಸ್ಥಾನ ಎರಡು ಬಾರಿ ಕೈತಪ್ಪಿತು. ಆದರೆ 1858ರ ಸೋಲಿಗೆ ಮುನ್ನ ಗುಲಾಮಗಿರಿಯನ್ನು ಕುರಿತು ಚುನಾವಣೆಯ ಎದುರಾಳಿ ಸ್ಟೀಫನ್ ಡಗ್ಲಸ್ ಜತೆ ನಡೆಸಿದ ಏಳು ಬಹಿರಂಗ ಚರ್ಚೆಗಳೇ ಅವರ ಹೆಸರನ್ನು ದೇಶಕ್ಕೆಲ್ಲ ತಲುಪಿಸಿದವು.