ಹೂಕುಂಡ ಅಲ್ಲ ಸ್ವಾಮೀ ಅದು

"ಇದರಲ್ಲಿ ಪೆಟೂನಿಯಾ ಹಾಕಿದ್ರೆ ಎಷ್ಟು ಚೆನ್ನಾಗಿರುತ್ತೆ ಅಲ್ವಾ!"

ಯುಗಾದಿ ಊಟಕ್ಕೆ ಬಂದವರು, ಉಂಡು ಅಡ್ಡಾಡುತ್ತಾ ಗ್ಯಾರೇಜಿಗೆ ಇಣುಕಿದವರು, ನನ್ನ ಮೇಟ್ಯಾಗ್ ರಿಂಗರ್ ಯಂತ್ರ (ಮೇಲೆ ಬಟ್ಟೆ ಹಿಂಡುವ ಜೋಡಿ ರೋಲರ್ ಇರುವ ಹಳೇ ವಾಷಿಂಗ್ ಮೆಷಿನ್ನು) ನೋಡಿ ಹೇಳಿದ ಮಾತು ಇದು. ನಾನು ನಕ್ಕೆ. ಮನೆಗೆ ಬಂದವರ ಮುಂದೆ ನಗಲೇಬೇಕಲ್ಲ. ಇನ್ನೊಂದು ಒಬ್ಬಟ್ಟು ಹಾಕಿಸಿಕೊಳ್ಳಿ ಅಂತಲೂ ಅಂದೆ. ಹೊಟ್ಟೆಯೊಳಗೆ ಮಾತ್ರ ಕುದಿಯುತ್ತಿತ್ತು.

ಅವರದ್ದೇನೂ ತಪ್ಪಿಲ್ಲ ಬಿಡಿ. ಅಮೆರಿಕದ ಈ ಅಯೋವಾ ರಾಜ್ಯದ ಹಳ್ಳಿ ದಾರಿಗಳಲ್ಲಿ ಓಡಾಡಿದರೆ ಮನೆ ಮುಂದೆ ಹೂ ತುಂಬಿಕೊಂಡು ನಿಂತ ಹಳೇ ವಾಷಿಂಗ್ ಮೆಷಿನ್ನು ಆಗಾಗ ಕಣ್ಣಿಗೆ ಬೀಳುತ್ತದೆ. ತಳಕ್ಕೆ ಡ್ರಿಲ್ ಇಟ್ಟು ತೂತು ಕೊರೆದು, ಮಣ್ಣು ತುಂಬಿ, ಮೇಲಿನ ರೋಲರುಗಳಿಗೆ ಬಣ್ಣ ಬಳಿದು ಫೋಟೋ ಬೇರೆ ತೆಗೆದಿರುತ್ತಾರೆ. ಮದುವೆಗಳಲ್ಲಿ ಐಸ್ ತುಂಬಿಸಿ ಬಿಯರ್ ಬಾಟಲಿ ನಿಲ್ಲಿಸುವುದೂ ಉಂಟು. ರಿಪೇರಿ ಮಾಡಿದರೆ ನಾಳೆಯೇ ಬಟ್ಟೆ ಒಗೆಯಬಲ್ಲ ಯಂತ್ರದ ತಳಕ್ಕೆ ತೂತು ಕೊರೆಯುವವರ ಮೇಲೆ ನನಗೆ ಯಾಕಿಷ್ಟು ಸಿಟ್ಟು ಅಂತ ಕೂತು ಯೋಚಿಸಿದ್ದೇನೆ. ಕಾರಣವೂ ಹೊಳೆದಿದೆ. ಹೇಳುತ್ತೇನೆ. ಮೊದಲು ಅಜಿಟೇಟರ್, ಅಂದರೆ ತೊಟ್ಟಿಯ ನಡುವೆ ನಿಂತು ಬಟ್ಟೆ ಕುಲುಕುವ ರೆಕ್ಕೆಗಳ ಭಾಗ, ಅದರ ವಿಷಯ ಮುಗಿಸಿಬಿಡೋಣ.

ಈ ಯಂತ್ರ ಒಂದು ಹೊಲಮನೆಯ ಹರಾಜಿನಲ್ಲಿ ಸಿಕ್ಕಿದ್ದು. ಅಜಿಟೇಟರ್ ಹಿಡಿದುಕೊಂಡು ಕೂತಿತ್ತು. ಈ ಯಂತ್ರಗಳಲ್ಲಿ ಇದು ಮಾಮೂಲಿ. ಅಲ್ಯೂಮಿನಿಯಮ್ ಅಜಿಟೇಟರ್ ಉಕ್ಕಿನ ಕಂಬಿಯ ಮೇಲೆ ಕೂತಿರುತ್ತದೆ, ವರ್ಷಗಟ್ಟಲೆ ಸೋಪು ನೀರು ನಡುವೆ ಇಳಿದು ಎರಡೂ ಒಂದೇ ಆಗಿಬಿಟ್ಟಿರುತ್ತವೆ. ವಿಡಿಯೋಗಳಲ್ಲಿ ರಿಪೇರಿ ತೋರಿಸುವ ಮಹಾನುಭಾವರಿದ್ದಾರಲ್ಲ, ಅವರು "ಈಗ ಅಜಿಟೇಟರನ್ನು ಮೇಲಕ್ಕೆತ್ತಿ" ಎಂದು ಒಂದು ಕೈಯಲ್ಲಿ ಎತ್ತಿ ಪಕ್ಕಕ್ಕಿಡುತ್ತಾರೆ. ಅದಕ್ಕೂ ಮುಂಚೆ ಅವರು ಪಟ್ಟ ಪಾಡನ್ನೆಲ್ಲ ಕತ್ತರಿಸಿ ಬಿಸಾಕಿರುತ್ತಾರೆ. ನೋಡುವವನಿಗೆ ಬೇಕಾಗಿರುವುದೇ ಅದು, ಆದರೆ ಅದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ತೋರಿಸುತ್ತಾರೆ, ಹಿನ್ನೆಲೆಯಲ್ಲಿ ಗಿಟಾರ್ ಬೇರೆ. ನಾನು ಕುದಿಯುವ ನೀರು ಸುರಿದೆ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿದೆ. ಕೊನೆಗೆ ಬುಡಕ್ಕೆ ಹಗ್ಗ ಸುತ್ತಿ, ಮಗನನ್ನು ಆ ಕಡೆ ನಿಲ್ಲಿಸಿ, ಇಬ್ಬರೂ ಸಮ ಎಳೆದಾಗ 'ಟಪ್' ಎಂದು ಬಂತು. ಅದರಡಿ ಬೂದು ಬಣ್ಣದ ಸೋಪಿನ ಗಸಿ, ಬೆರಳ ದಪ್ಪಕ್ಕೆ. ಗಸಿಯೊಳಗೆ ಒಂದು ಹೇರ್‌ಪಿನ್ನು, ಎರಡು ಕೋಟಿನ ಗುಂಡಿ. ಗುಂಡಿಗಳು ಈಗಲೂ ಹೊಳೆಯುತ್ತವೆ, ತೊಳೆದು ಇಟ್ಟಿದ್ದೇನೆ.

ವೈರು ಮಾತ್ರ ಹಾಗೆ ಬಿಡುವಂಥದ್ದಲ್ಲ. ಹಳೇ ರಬ್ಬರ್ ಹೊದಿಕೆ ಮುಟ್ಟಿದರೆ ಪುಡಿಪುಡಿ ಉದುರುತ್ತಿತ್ತು. ಪ್ಲಗ್ಗಿಗೆ ಎರಡೇ ಪಿನ್ನು, ಅರ್ಥಿಂಗ್ ಅನ್ನೋದೇ ಇಲ್ಲ. ಮೈಯೆಲ್ಲ ಲೋಹ, ಒಳಗೆ ನೀರು, ಕೆಳಗೆ ಒದ್ದೆ ನೆಲ, ಮುಟ್ಟುವವನ ಕೈಯೂ ಒದ್ದೆ. "ಆ ಕಾಲದವರು ಎಷ್ಟು ಗಟ್ಟಿ ಮಾಡ್ತಿದ್ರು ನೋಡಿ" ಅಂತ ಹಾಡಿ ಹೊಗಳುವವರು ಈ ವಿಷಯ ಎತ್ತುವುದೇ ಇಲ್ಲ. ಪೂರಾ ವೈರು ತೆಗೆಸಿ ಮೂರು ಪಿನ್ನಿನದ್ದು ಹಾಕಿಸಿದ್ದಾಯಿತು. ಇಂಥ ಯಂತ್ರ ತಂದವರು ಬಣ್ಣ ಪಾಲಿಶ್ ಎಲ್ಲ ಆಮೇಲೆ ಮಾಡಲಿ, ಇದನ್ನು ಮೊದಲು ಮಾಡಲಿ.

ಆಮೇಲೆ ರೋಲರ್. ಮೇಲಿನದು ಒಂದು ಕಡೆ ಚಪ್ಪಟೆಯಾಗಿತ್ತು. ಕೆಲಸ ಮುಗಿದ ಮೇಲೆ ಒತ್ತಡದ ತಿರುಪು ಸಡಿಲ ಮಾಡಬೇಕು, ಯಾರೋ ಬಿಗಿ ಮಾಡಿದ್ದು ಹಾಗೇ ಬಿಟ್ಟು ಹೋಗಿದ್ದಾರೆ, ರಬ್ಬರು ಒಂದೇ ಭಂಗಿಯಲ್ಲಿ ಗಟ್ಟಿಯಾಗಿದೆ. ಹೊಸ ರೋಲರು ಇವತ್ತಿಗೂ ಸಿಗುತ್ತದೆ, ಅದಕ್ಕೆ ಹಳೇ ರೀತಿಯಲ್ಲೇ ಬದುಕುವ ಕ್ರೈಸ್ತ ಪಂಗಡದ ಆಮಿಶ್ ಜನಕ್ಕೆ ಕೈ ಮುಗಿಯಬೇಕು. ಇದೇ ಅಯೋವಾದ ಕಲೋನಾ ಸುತ್ತಮುತ್ತ ಅವರ ದೊಡ್ಡ ನೆಲೆ ಇದೆ. ಮನೆಗೆ ಕರೆಂಟ್ ಎಳೆಸುವುದಿಲ್ಲ, ಆದರೆ ರಿಂಗರ್ ಯಂತ್ರಕ್ಕೆ ಪೆಟ್ರೋಲ್ ಎಂಜಿನ್ನೋ ಗಾಳಿಯ ಒತ್ತಡದ ಮೋಟಾರೋ ಕೂರಿಸಿ ಒಗೆಯುತ್ತಾರೆ. ಮೇಟ್ಯಾಗ್ ಕಂಪನಿಯೂ ಹಿಂದೆ ಮಾಡಿದ್ದು ಅದನ್ನೇ: ಕರೆಂಟ್ ಕಾಣದ ಹೊಲಮನೆಗಳಿಗೆ ಪುಟ್ಟ ಪೆಟ್ರೋಲ್ ಎಂಜಿನ್ ಇಟ್ಟು ಮಾರಿತು. ಮೇಟ್ಯಾಗ್ ಹುಟ್ಟಿದ್ದು ಇಲ್ಲೇ ನ್ಯೂಟನ್ ಊರಿನಲ್ಲಿ, 1893ರಲ್ಲಿ, ಹೊಲದ ಯಂತ್ರಗಳ ಸಾಮಾನು ಮಾಡುತ್ತಾ. ಅದರ ವ್ಯಾಪಾರ ಸುಗ್ಗಿಗೆ ಮಾತ್ರ. ಮಿಕ್ಕ ತಿಂಗಳು ಕೈಕಟ್ಟಿ ಕೂರಬೇಕಲ್ಲ ಅಂತ 1907ರಲ್ಲಿ ಬಟ್ಟೆ ಒಗೆಯುವ ಯಂತ್ರಕ್ಕೆ ಕೈ ಹಾಕಿದರು. 1922ರಲ್ಲಿ ತೊಟ್ಟಿಯ ತಳದಲ್ಲಿ ಅಜಿಟೇಟರ್ ಇಟ್ಟ ಮೇಲೆ ಹಿಂತಿರುಗಿ ನೋಡಲಿಲ್ಲ. ರಿಂಗರ್ ಯಂತ್ರವನ್ನು 1983ರ ತನಕ ಮಾಡುತ್ತಲೇ ಇದ್ದರು. ಕಂಪನಿ 2006ರಲ್ಲಿ ಬೇರೆಯವರ ಪಾಲಾಯಿತು, ಮರುವರ್ಷ ನ್ಯೂಟನ್ ಕಾರ್ಖಾನೆಗೆ ಬೀಗ ಬಿತ್ತು. ಇಂಟರ್‌ಸ್ಟೇಟ್ 80ರಲ್ಲಿ ಆ ಊರು ದಾಟುವಾಗಲೆಲ್ಲ ನಾನು ಇದನ್ನು ಹೇಳುತ್ತೇನೆ, ಹಿಂದಿನ ಸೀಟಿನಲ್ಲಿ ಮಕ್ಕಳು ಕಿವಿಗೆ ಹೆಡ್‌ಫೋನ್ ಏರಿಸುತ್ತಾರೆ.

ನನಗೆ ಈ ಯಂತ್ರದ ಮೇಲೆ ಕಣ್ಣು ಬಿದ್ದಿದ್ದು ಒಗೆಯುವುದಕ್ಕಲ್ಲ, ಹಿಂಡುವುದಕ್ಕೆ. ಇಲ್ಲಿ ನಮ್ಮ ತಿಪಟೂರಿನ ಮನೆಯ ಜಮಖಾನದ ವಿಷಯ ಹೇಳಬೇಕು.

ನವಲಗುಂದದ್ದು ಅಂತ ತಾತ ಹೇಳುತ್ತಿದ್ದ ಒಂದು ಜಮಖಾನ ಇತ್ತು. ಪಡಸಾಲೆ ಅಗಲ. ಗೌರಿ ಹಬ್ಬಕ್ಕೆ ಮುಂಚೆ ಅದನ್ನು ಹಿತ್ತಲಿಗೆ ಎಳೆದು, ಸೋಡಾ ನೀರಿನಲ್ಲಿ ನೆನೆಸಿ, ಕಲ್ಲಿನ ಮೇಲೆ ಹಾಕಿ ತುಳಿದು ಒಗೆಯುವುದು. ಅಲ್ಲಿಗೆ ಸರಿ, ಒಬ್ಬರೇ ಮಾಡಬಹುದು. ಹಿಂಡುವುದಕ್ಕೆ ಮಾತ್ರ ಇಬ್ಬರು ಬೇಕೇ ಬೇಕು. ಮನೆಯಲ್ಲಿ ಆ ಶಕ್ತಿ ಇದ್ದವರು ಇಬ್ಬರೇ, ದೊಡ್ಡಮ್ಮ ಮತ್ತು ಚಿಕ್ಕಮ್ಮ. ಆ ವರ್ಷ ವಾರಗಿತ್ತಿಯರ ನಡುವೆ ಮಾತು ಬಿಟ್ಟುಹೋಗಿತ್ತು. ಒಂದು ಬೆಳ್ಳಿ ಪಂಚಪಾತ್ರೆ ಯಾರ ಪೆಟ್ಟಿಗೆ ಸೇರಬೇಕು ಅನ್ನುವ ವಿಷಯಕ್ಕೆ.

ಇಬ್ಬರೂ ಎರಡು ತುದಿ ಹಿಡಿದರು. ತಿರುಚಿದರು. ಜಮಖಾನ ಸುಮ್ನೆ ಉರುಳಿತೇ ಹೊರತು ಒಂದು ಹನಿ ನೀರು ಬೀಳಲಿಲ್ಲ. ದೊಡ್ಡಮ್ಮ ನನ್ನ ಕಡೆ ತಿರುಗಿ, "ಮಗೂ, ನಿಮ್ಮ ಚಿಕ್ಕಮ್ಮಂಗೆ ಹೇಳು, ಬಲಕ್ಕೆ ತಿರುಗಿಸಬೇಕಂತೆ" ಅಂದರು. ನಾನು ಹೇಳಿದೆ. ಚಿಕ್ಕಮ್ಮ ನಾಲ್ಕು ಮಾರು ದೂರದಲ್ಲಿದ್ದರು, ಎಲ್ಲ ಕೇಳಿಸಿತ್ತು, ಆದರೂ ನಾನು ಹೇಳುವ ತನಕ ಕಾದು, "ಯಾರ ಬಲ ಅಂತ ಕೇಳು. ನನ್ನ ಬಲಾನೋ ಅವರ ಬಲಾನೋ?" ಅಂದರು. ಎದುರಾಬದುರು ನಿಂತವರು ತಂತಮ್ಮ ಬಲಕ್ಕೆ ತಿರುಗಿಸಿದರೆ ಹಿಂಡಾಗುತ್ತದೆ, ಇಬ್ಬರೂ ಒಬ್ಬರದೇ ಬಲಕ್ಕೆ ತಿರುಗಿಸಿದರೆ ಬರೀ ಉರುಳುತ್ತದೆ. ಆದರೆ ಆ ಗಳಿಗೆಯಲ್ಲಿ ಇದು ಬಟ್ಟೆ ಹಿಂಡುವ ಪ್ರಶ್ನೆಯಾಗಿ ಉಳಿದಿರಲಿಲ್ಲ. ದೊಡ್ಡಮ್ಮ, "ಬಲ ಅಂದ್ರೆ ಬಲ. ಇಷ್ಟು ವರ್ಷ ಉಣ್ಣೋ ಕೈ ಯಾವುದು ಅಂತ ಗೊತ್ತಿಲ್ವಂತಾ ಕೇಳು" ಅಂದರು. ನಾನು ಕೇಳಿದೆ. ಚಿಕ್ಕಮ್ಮ, "ಉಣ್ಣೋದಕ್ಕೆ ಬಡಿಸೋರು ಇರಬೇಕಲ್ಲ, ಅದನ್ನೂ ಕೇಳು" ಅಂದರು. ಅಷ್ಟರಲ್ಲಿ ನಾನು ಓಡಾಡಿ ಸುಸ್ತಾಗಿದ್ದೆ, ಅವರಿಬ್ಬರ ಕೈಯಲ್ಲಿ ಒಂದು ಮಣ ನೀರು ಕುಡಿದ ಜಮಖಾನ ನೇತಾಡುತ್ತಿತ್ತು, ಇಬ್ಬರೂ ಕೆಳಗಿಡಲು ತಯಾರಿಲ್ಲ, ಮೊದಲು ಇಟ್ಟವರು ಸೋತಂತೆ. ಕೊನೆಗೆ ಹೊರಗಿಂದ ಬಂದ ತಾತ ನೋಡಿ, "ಥೂ ನಿಮ್ಮ" ಅಂತ ಅದನ್ನು ಕಿತ್ತುಕೊಂಡು, ಹಾಗೇ ತೊಟ್ಟಿಕ್ಕುತ್ತಿದ್ದದ್ದನ್ನು ತೆಂಗಿನ ಮರಗಳ ನಡುವಿನ ಹಗ್ಗಕ್ಕೆ ಎಸೆದರು. ಹಗ್ಗ ಕಿತ್ತುಬಂತು. ಜಮಖಾನ ಮತ್ತೆ ಮಣ್ಣಿಗೆ ಬಿತ್ತು. ಮತ್ತೆ ಒಗೆದದ್ದು ಕೆಲಸದವಳು.

ಆಮೇಲೆ ಇಬ್ಬರೂ ನಕ್ಕು ಒಂದಾದರು ಅಂತ ಬರೆದರೆ ಕತೆ ಚೆನ್ನಾಗಿರುತ್ತಿತ್ತು. ಹಾಗೇನೂ ಆಗಲಿಲ್ಲ. ಪಂಚಪಾತ್ರೆ ಈಗಲೂ ಬ್ಯಾಂಕ್ ಲಾಕರಿನಲ್ಲಿದೆ, ಯಾರಿಗೂ ಸೇರಿಲ್ಲ.

ಎಲ್ಲಿದ್ದೆವು? ರೋಲರ್. ಹೊಸದು ಹಾಕಿ ತಿರುಪು ಬಿಗಿ ಮಾಡಿ ಮೊದಲು ಬಿಟ್ಟಿದ್ದು ನನ್ನ ಪಂಚೆ. ಆ ಕಡೆಯಿಂದ ಹಪ್ಪಳದ ಹಾಗೆ ಬಂತು. ನೀರೆಲ್ಲ ವಾಪಸ್ ತೊಟ್ಟಿಗೇ. ಅದೇ ನೀರಿಗೆ ಮುಂದಿನ ಬಟ್ಟೆ: ಮೊದಲು ಬಿಳಿ, ಆಮೇಲೆ ಬಣ್ಣದ್ದು, ಕೊನೆಗೆ ತೋಟದ ಕೊಳಕು ಪ್ಯಾಂಟು. ಅಂಗಿಯ ಗುಂಡಿಗಳನ್ನು ಒಳಮುಖ ಮಡಚಿ ಕೊಡಬೇಕು, ಇಲ್ಲದಿದ್ದರೆ ಕಿತ್ತೇ ಹೋಗುತ್ತವೆ. ಬೆರಳು ಹತ್ತಿರ ಒಯ್ಯಬಾರದು. ಈ ರೋಲರುಗಳಿಗೆ ಕೈ ಸಿಕ್ಕಿಸಿಕೊಂಡು ಎಷ್ಟು ಮಕ್ಕಳು ಆಸ್ಪತ್ರೆಗೆ ಬರುತ್ತಿದ್ದರೆಂದರೆ, ಇಲ್ಲಿನ ಡಾಕ್ಟರುಗಳು ಆ ಗಾಯಕ್ಕೆ 'ರಿಂಗರ್ ಆರ್ಮ್' ಎಂದು ಹೆಸರೇ ಇಟ್ಟಿದ್ದರು. ಗುದ್ದಿದರೆ ಒತ್ತಡ ಬಿಟ್ಟುಬಿಡುವ ಪಟ್ಟಿ ಮೇಲಿದೆ. ಅದು ಕೆಲಸ ಮಾಡುತ್ತದೋ ಇಲ್ಲವೋ ಅಂತ ಪ್ರತಿ ಸಲ ಶುರುಮಾಡುವ ಮುಂಚೆ ಗುದ್ದಿ ನೋಡುತ್ತೇನೆ. ಯಂತ್ರದ ಪಕ್ಕದಿಂದ ಕದಲುವ ಹಾಗೂ ಇಲ್ಲ. ಮನೆಯೊಳಗಿನ ಹೊಸ ಮೆಷಿನ್ನು ಹಾಗಲ್ಲ, ಬಾಗಿಲು ತಾನೇ ಬೀಗ ಹಾಕಿಕೊಂಡು, ಒಂದು ಕಾಲುಚೀಲ ಹೊರಗೆ ಉಳಿಯಿತು ಅಂದರೂ ತೆರೆಯದೆ, ಮುಗಿದ ಮೇಲೆ ಹಾಡು ಹೇಳಿ, ಹಾಡು ಮುಗಿದು ಅರ್ಧ ನಿಮಿಷವಾದ ಮೇಲೆ ಬಾಗಿಲು ಬಿಡುತ್ತದೆ. ಅದನ್ನು ವೈಫೈಗೆ ಸೇರಿಸಿ ಅಂತ ಫೋನಿಗೆ ಮೆಸೇಜು ಬರುತ್ತಲೇ ಇರುತ್ತದೆ. ಸೇರಿಸುವುದಿಲ್ಲ. ನನ್ನ ಬನಿಯನ್ನಿನ ಸಮಾಚಾರ ಯಾರಿಗೆ ಬೇಕು?

ಹೂಕುಂಡದ ಮೇಲಿನ ಸಿಟ್ಟಿಗೆ ಕಾರಣ ಹೇಳುತ್ತೇನೆ ಅಂದಿದ್ದೆ. ಅದು ಹೀಗೆ ಪಕ್ಕದಲ್ಲಿ ನಿಂತೇ ಕೆಲಸ ಮಾಡಿಸುವುದಕ್ಕೆ ಏನೋ ಸಂಬಂಧಪಟ್ಟದ್ದು, ಬರೆಯಲು ಕೂತಾಗ ಚೆನ್ನಾಗಿಯೇ ಇತ್ತು. ಅಷ್ಟರಲ್ಲಿ ಗೇರ್ ಪೆಟ್ಟಿಗೆ ಕೆಳಗೆ ಎಣ್ಣೆ ಕಂಡಿತು, ಎದ್ದು ಹೋಗಬೇಕಾಯಿತು. ಪಕ್ಕದ ಮನೆಯ ಮುದುಕರು ಬಂದು ನೋಡಿ, "ಸೋರುತ್ತಿದೆ ಅಂದರೆ ಒಳಗೆ ಎಣ್ಣೆ ಇದೆ ಅಂತ ಅರ್ಥ, ಸೋರುವುದು ನಿಂತರೆ ಚಿಂತೆ ಮಾಡು" ಅಂದರು. ಇದೇ ಮಾತನ್ನು ನಮ್ಮೂರಿನಲ್ಲಿ ಹಳೇ ಬುಲೆಟ್ ಇಟ್ಟವರ ಬಾಯಲ್ಲೂ ಕೇಳಿದ್ದೇನೆ, ಅದೇ ನಗು, ಅದೇ ಬೆನ್ನು ತಟ್ಟುವುದು. ನಾನು ಒಪ್ಪುವುದಿಲ್ಲ. ಸೋರುವುದು ಅಂದರೆ ಸೋರುವುದೇ. ಹೊಸ ಸೀಲಿಗೆ ಆರ್ಡರ್ ಹಾಕಿದ್ದೇನೆ, ಬರುವ ತನಕ ಕೆಳಗೆ ಕೇಕಿನ ಹಳೇ ತಟ್ಟೆ ಇಟ್ಟಿದ್ದೇನೆ, ಅದು ಹಳೇದಲ್ಲ ಅಂತ ಅಡುಗೆಮನೆಯಿಂದ ಈಗಷ್ಟೇ ಕೂಗು ಬಂತು.